ನವನಗರದ ಆ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರು ಕೇಳಲಿಲ್ಲ. ಹುಬ್ಬಳ್ಳಿ ನವನಗರದ ಆಸ್ಪತ್ರೆಯಲ್ಲಿ ಅವ್ವ ತೀರಿಕೊಂಡ ದಿನ ನೀವು ಬುತ್ತಿ ಬಿಚ್ಚಿ ಅರ್ಧ ಜೋಳದ ರೊಟ್ಟಿ, ಶೇಂಗಾ ಚಟ್ನಿ ನನ್ನ ಕೈಗಿಟ್ಟಿರಿ. ಅವ್ವ ಎದೆಯ ಗಂಟನ್ನು ಎಂಟು ತಿಂಗಳು ಮುಚ್ಚಿಟ್ಟಿದ್ದಳು, ನೋವಿಲ್ಲ ಅಂತ. ಎದೆಯ ಕ್ಯಾನ್ಸರಿನ ಗಂಟು ಬಹಳ ಸಲ ನೋಯುವುದೇ ಇಲ್ಲ ಅಂತ ನಮಗೆಲ್ಲಿ ಗೊತ್ತಿತ್ತು?

"ಅವ್ವಗ ಎಷ್ಟ ವಯಸ್ಸಿಗೆ ಗೊತ್ತಾತು? 48? ಹಂಗಾದ್ರ ಹತ್ತು ವರ್ಷ ಮೊದಲ, 38ಕ್ಕ ನೀ ತೋರಿಸ್ಕೋಬೇಕವಾ" ಅಂದಿರಿ. ಸುಳ್ಳು ಹೇಳಲ್ಲ, ಸಿಟ್ಟು ಬಂದಿತ್ತು. ಅಂಥ ಹೊತ್ತಲ್ಲಿ ಆಡೋ ಮಾತಾ ಅದು?

ಹೋದ ವಾರ ಧಾರವಾಡದಿಂದ ಚಿಗರಿ ಬಸ್ ಹತ್ತಿ ಬಂದು ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್-ರೇ, ಮಾಡಿಸಿದೆ. ಒಲ್ಲೆ ಅಂದ ತಂಗಿಯನ್ನೂ ಎಳಕೊಂಡು ಬಂದಿದ್ದೆ, ಡಾಕ್ಟರ್ ಕೈಯಿಂದ ಮುಟ್ಟಿ ನೋಡಿದರು. ಇಬ್ಬರಿಗೂ ಏನೂ ಇಲ್ಲ. ತುಂಬಾ ಥ್ಯಾಂಕ್ಸ್ ಅಕ್ಕಾ. ನಿಮ್ಮ ಬುತ್ತಿ ಡಬ್ಬಿಯ ಮುಚ್ಚಳ ಇನ್ನೂ ನನ್ನ ಚೀಲದಲ್ಲೇ ಇದೆ.