ಆಫರ್ ಫೋಟೋ ಹಾಕುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನಿನ್ನೆಯಿಂದ ಗುಂಪಿನಲ್ಲಿ ದೊಡ್ಡ ಅಂಗಡಿಯ ಆಫರ್ ಫೋಟೋಗಳೇ ಬರುತ್ತಿವೆ. ದಯವಿಟ್ಟು ಇಲ್ಲಿ ಹಾಕಬೇಡಿ. ಅಲ್ಲಿಗೆ ಹೋಗಬೇಡಿ ಅಂತಲ್ಲ. ನಾನೂ ಎಣ್ಣೆ, ಸೋಪು ತಂದಿದ್ದೇನೆ. ಆದರೆ ಅಡಿಕೆ ಮಾರುವವರೆಗೆ ಉದ್ರಿ ಬರೆದುಕೊಳ್ಳುವವರು ಶಿರಸಿ ಪೇಟೆಯ ನಮ್ಮ ಕಿರಾಣಿಯವರೇ ಅಲ್ವಾ? ಜೋರು ಮಳೆಯಲ್ಲಿ ಫೋನ್ ಮಾಡಿದರೆ ಬಸ್ಸಿಗೆ ಚೀಲ ಹಾಕಿ ಕಳಿಸುವವರೂ ಅವರೇ.

ದೊಡ್ಡ ಅಂಗಡಿಯ ದರ ಅಗ್ಗ ಅಂತ ಕಂಡರೂ ಅದರ ಖರ್ಚು ಬೇರೆಯವರ ಮೇಲೆ ಬೀಳಬಹುದು. ಅಮೆರಿಕದ ದೊಡ್ಡ ಅಂಗಡಿಗಳ ಕಂಪನಿ ವಾಲ್‌ಮಾರ್ಟ್ ನೋಡಿ. ಅಲ್ಲಿನ ಸರ್ಕಾರದ ಲೆಕ್ಕ ತಪಾಸಣೆ ಕಚೇರಿ 2020ರಲ್ಲಿ ಕೆಲವು ರಾಜ್ಯಗಳ ಮಾಹಿತಿ ತೆಗೆದು ನೋಡಿತು. ಸರ್ಕಾರದ ಆಹಾರ ನೆರವು ಪಡೆಯುವ ನೌಕರರು ಜಾಸ್ತಿ ಇದ್ದ ಕಂಪನಿಗಳಲ್ಲಿ ಅದೂ ಇತ್ತು. ಅಂದರೆ ಸಂಬಳದ ಕೊರತೆ ತುಂಬಿದ್ದು ತೆರಿಗೆ ಕಟ್ಟುವವರು. ಬಿಲ್ಲಿನಲ್ಲಿ ಇದು ಕಾಣುವುದಿಲ್ಲ.

ಹಾಂ, ಯಾರದಾದರೂ ಹಳೇ ಉದ್ರಿ ಬಾಕಿ ಇದ್ದರೆ ಚೌತಿಯೊಳಗೆ ತೀರಿಸಿಬಿಡಿ.