ಗುಲಾಬಿ ಬ್ಯಾಂಡುಗಳ ಬಗ್ಗೆ ಪೋಷಕರಿಗೆ ಪತ್ರ

ಮಾನ್ಯ ಪೋಷಕರಿಗೆ,

ವಂದನೆಗಳು. ಎರಡು ವಾರಗಳಿಂದ ನಮ್ಮ ಮಕ್ಕಳ ಮಣಿಕಟ್ಟಿನಲ್ಲಿ ಗುಲಾಬಿ ಬಣ್ಣದ ಸಿಲಿಕೋನ್ ಬ್ಯಾಂಡನ್ನು ನೀವೆಲ್ಲ ನೋಡಿರುತ್ತೀರಿ. ಮನೆಯಲ್ಲಿ 30 ರೂಪಾಯಿ ಕೇಳಿ ತಂದವರಿದ್ದಾರೆ, ಬಸ್ಸಿನ ಚಿಲ್ಲರೆ ಉಳಿಸಿ ಕೊಂಡವರೂ ಇದ್ದಾರೆ. ಇದನ್ನು ಶಾಲೆಯಲ್ಲಿ ಪೂರ್ತಿ ನಿಷೇಧಿಸಿ ಎಂದು ನಿಮ್ಮಲ್ಲಿ ಕೆಲವರು ಫೋನ್ ಮಾಡಿದ್ದೀರಿ. ಒಳ್ಳೆಯ ಕೆಲಸಕ್ಕೆ ಅಡ್ಡ ಬರಬೇಡಿ ಎಂದು ಇನ್ನು ಕೆಲವರು ಶಾಲೆಗೇ ಬಂದು ಹೇಳಿದ್ದೀರಿ. ಡೈರಿಯಲ್ಲಿ ಎರಡು ಸಾಲಿನ ಸೂಚನೆ ಬರೆಸಿ ಮುಗಿಸುವ ವಿಷಯ ಇದಲ್ಲ ಎನಿಸಿದ್ದರಿಂದ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಅಕ್ಟೋಬರ್ ತಿಂಗಳನ್ನು ಹಲವು ದೇಶಗಳಲ್ಲಿ ಸ್ತನ ಕ್ಯಾನ್ಸರ್ ಜಾಗೃತಿಯ ತಿಂಗಳೆಂದು ಆಚರಿಸುತ್ತಾರೆ. ಅಮೆರಿಕದಲ್ಲಿ 1985ರಲ್ಲಿ ಆರಂಭವಾದ ರೂಢಿ ಅದು. ಇಂದು ಅದರ ಗುರುತು ಗುಲಾಬಿ ಬಣ್ಣ. ದಸರಾ ರಜೆ ಮುಗಿಸಿ ಬಂದ 9ನೇ ತರಗತಿಯ ನಾಲ್ವರು ಮಕ್ಕಳು ನೂರು ಬ್ಯಾಂಡುಗಳ ಪೊಟ್ಟಣವೊಂದನ್ನು ಆನ್‌ಲೈನ್‌ನಲ್ಲಿ ತರಿಸಿ, ಶಾಲೆಯಲ್ಲಿ ಮಾರಬಹುದೇ ಎಂದು ನನ್ನನ್ನು ಕೇಳಿದರು. ನನಗೆ ಸಂತೋಷವಾಯಿತು. ಒಪ್ಪಿದೆ. ಮರುದಿನ ಪ್ರಾರ್ಥನೆಯ ವೇಳೆ ಎಲ್ಲರ ಮುಂದೆ ಅವರನ್ನು ಹೊಗಳಿದೆ. ಆದರೆ ಕೇಳಲೇಬೇಕಿದ್ದ ಒಂದು ಪ್ರಶ್ನೆಯನ್ನು ಕೇಳಲಿಲ್ಲ: ಈ ಹಣ ಯಾರಿಗೆ ತಲುಪುತ್ತದೆ? ಆ ತಪ್ಪು ನನ್ನದು. ಮಕ್ಕಳದಲ್ಲ.

ಹತ್ತು ದಿನದಲ್ಲಿ 98 ಬ್ಯಾಂಡುಗಳು ಮಾರಾಟವಾದವು. ಪೊಟ್ಟಣಕ್ಕೆ ಹಾಕಿದ ದುಡ್ಡು ಕಳೆದು 1,940 ರೂಪಾಯಿ ಉಳಿಯಿತು. ಇದನ್ನು ಎಲ್ಲಿಗೆ ಕೊಡುತ್ತೀರಿ ಎಂದು ಆಗ ಕೇಳಿದೆ. ‘ಕ್ಯಾನ್ಸರ್‌ಗೆ, ಟೀಚರ್’ ಎಂದರು. ಯಾವ ಆಸ್ಪತ್ರೆಗೆ, ಯಾವ ಸಂಸ್ಥೆಗೆ ಎಂದಾಗ ಪರಸ್ಪರ ಮುಖ ನೋಡಿಕೊಂಡರು. ಪೊಟ್ಟಣವನ್ನು ತರಿಸಿ ನೋಡಿದೆ. ಯಾವುದೇ ಸಂಸ್ಥೆಯ ಹೆಸರಿರಲಿಲ್ಲ, ಬೆಲೆಯಲ್ಲಿ ಇಷ್ಟು ಭಾಗ ರೋಗಿಗಳಿಗೆ ಎಂಬ ಮಾತೂ ಇರಲಿಲ್ಲ. ಬ್ಯಾಂಡ್ ಕೊಂಡಾಗಲೇ ಒಂದಿಷ್ಟು ಹಣ ರೋಗಿಗಳಿಗೆ ಹೋಗಿರುತ್ತದೆ ಎಂದು ಮಕ್ಕಳು ನಂಬಿದ್ದರು. ನಾನೂ ಹಾಗೆಯೇ ನಂಬಿದ್ದೆ.

ಅಷ್ಟರಲ್ಲಿ ವಿಷಯ ಬೇರೆ ದಾರಿ ಹಿಡಿದಿತ್ತು. ಪೇಟೆಯ ಅಂಗಡಿಗಳಿಂದ ಹಳದಿ, ನೀಲಿ, ತ್ರಿವರ್ಣದ ಬ್ಯಾಂಡುಗಳೂ ಬಂದವು. ಎರಡು ಗುಲಾಬಿ ಕೊಟ್ಟರೆ ಒಂದು ಹಳದಿ ಎಂಬ ಲೆಕ್ಕ ಊಟದ ಬಿಡುವಿನಲ್ಲಿ ನಡೆಯತೊಡಗಿತು. 6ನೇ ತರಗತಿಯ ಒಂದು ಮಗು ಹಳೆಯ ಸೈಕಲ್ ಟ್ಯೂಬನ್ನು ಉಂಗುರದಂತೆ ಕತ್ತರಿಸಿ, ಅಕ್ಕನ ಉಗುರಿನ ಬಣ್ಣ ಬಳಿದುಕೊಂಡು ಬಂದಿತ್ತು. ಉಳಿದವರು ನಕ್ಕರಂತೆ. ಆ ಕೈಯನ್ನು ಹಿಡಿದು ನೋಡಿದಾಗ ನನಗಾದ ಸಂಕಟವನ್ನು ಬರೆದು ತಿಳಿಸಲಾರೆ.

ಇದಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ. ಬ್ಯಾಂಡ್ ಕಟ್ಟದ ಹುಡುಗಿಯೊಬ್ಬಳನ್ನು ಗೆಳತಿಯರು ಸುತ್ತುವರಿದು, ‘ನಿನಗೆ ಕ್ಯಾನ್ಸರ್ ರೋಗಿಗಳ ಮೇಲೆ ಕನಿಕರವೇ ಇಲ್ಲವೆ?’ ಎಂದು ಕೇಳಿದ್ದಾರೆ. ಆಕೆ ಉತ್ತರಿಸಲಿಲ್ಲ. ಆಕೆಯ ತಾಯಿ ಅದೇ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದಾರೆ. ಇದು ಶಾಲೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ತಾಯಿ ತಲೆಗೆ ಸೆರಗು ಹೊದ್ದು ನನ್ನ ಕೊಠಡಿಗೆ ಬಂದು, ‘ನಾನೇ ಕೊಡಿಸುತ್ತೇನೆ ಎಂದೆ ಮೇಡಂ, ಅವಳು ಬೇಡವೆಂದಳು’ ಎಂದರು. ಹುಡುಗಿಯನ್ನು ಕರೆಸಿ ಮಾತನಾಡಿಸಿದೆ. ‘ಮನೆಯಲ್ಲಿರುವುದನ್ನೇ ಕೈಗೂ ಕಟ್ಟಿಕೊಂಡು ಬರಬೇಕೆ, ಟೀಚರ್?’ ಎಂದಳು.

ತಾಯಿ, ಮಗಳು ಇಬ್ಬರ ಒಪ್ಪಿಗೆ ಪಡೆದೇ ಇಷ್ಟನ್ನು ಬರೆದಿದ್ದೇನೆ. ಅದು ಯಾರ ಮನೆ ಎಂದು ದಯವಿಟ್ಟು ನಿಮ್ಮ ಮಕ್ಕಳನ್ನು ಕೇಳಬೇಡಿ, ಊಹಿಸಲೂ ಹೋಗಬೇಡಿ.

ಹಾಗಾದರೆ ಈ ಬ್ಯಾಂಡುಗಳು ಫ್ಯಾಶನ್ ಆದದ್ದೇ ಕೆಡುಕೆ? ಎಷ್ಟೋ ರಾತ್ರಿ ಇದನ್ನೇ ಯೋಚಿಸಿದ್ದೇನೆ. ಫ್ಯಾಶನ್ ಆದದ್ದರಿಂದ ಒಳಿತೂ ಆಗಿದೆ ಎಂಬುದನ್ನು ನಾನು ಮರೆಯುವಂತಿಲ್ಲ. ಇವುಗಳ ಹುಚ್ಚು ಹಬ್ಬಿದ್ದು 2004ರಲ್ಲಿ. ಅಮೆರಿಕದ ಸೈಕಲ್ ಸ್ಪರ್ಧಿ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅವರಿಗೆ 1996ರಲ್ಲಿ ಕ್ಯಾನ್ಸರ್ ಇರುವುದು ಗೊತ್ತಾಗಿತ್ತು. ಮರುವರ್ಷ ಅವರು ರೋಗಿಗಳಿಗಾಗಿ ಒಂದು ಪ್ರತಿಷ್ಠಾನ ಕಟ್ಟಿದರು. ಆ ಪ್ರತಿಷ್ಠಾನವೂ ನೈಕಿ ಕಂಪನಿಯೂ ಸೇರಿ ಹಳದಿ ಬ್ಯಾಂಡನ್ನು 1 ಡಾಲರ್ ಬೆಲೆಗೆ ಮಾರಾಟಕ್ಕೆ ಬಿಟ್ಟವು. ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆಯಲ್ಲಿ ಮುಂದಿರುವ ಸವಾರ ತೊಡುವ ಅಂಗಿಯ ಬಣ್ಣ ಹಳದಿ, ಅದಕ್ಕೇ ಆ ಬಣ್ಣ. ಕೋಟಿಗಟ್ಟಲೆ ಬ್ಯಾಂಡುಗಳು ಮಾರಾಟವಾದವು. ಕ್ಯಾನ್ಸರ್ ಎಂಬ ಪದವನ್ನೇ ಪಿಸುಗುಟ್ಟುತ್ತಿದ್ದ ಮನೆಗಳಲ್ಲಿ ಅದರ ಬಗ್ಗೆ ಮಾತು ಶುರುವಾಯಿತು. ನಮ್ಮಲ್ಲೂ ಹಾಗೆಯೇ ಆಗಿದೆ. ‘ದೊಡ್ಡ ಕಾಯಿಲೆ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದ ಊರು ನಮ್ಮದು. 8ನೇ ತರಗತಿಯ ಒಬ್ಬ ಹುಡುಗ ತಂದೆಯ ಎದುರು ‘ಸ್ತನ ಕ್ಯಾನ್ಸರ್’ ಎಂದು ಅಳುಕಿಲ್ಲದೆ ಹೇಳಿ, ಅಮ್ಮ ಪರೀಕ್ಷೆ ಮಾಡಿಸಿಕೊಂಡಿದ್ದಾರೆಯೇ ಎಂದು ಕೇಳಿದನಂತೆ. ಆ ತಂದೆಯೇ ಬಂದು ನನಗೆ ತಿಳಿಸಿದರು. ನಾವು ಓದುವ ಕಾಲದಲ್ಲಿ ಆ ಪದ ಕಿವಿಗೆ ಬಿದ್ದರೆ ತಲೆ ತಗ್ಗಿಸುತ್ತಿದ್ದೆವು. ನಿಷೇಧಿಸಿ ಎನ್ನುವವರಿಗೆ ನಾನು ಒಪ್ಪದಿರುವುದು ಈ ಹುಡುಗನ ಕಾರಣಕ್ಕೆ.

ಆ ಹಳದಿ ಬ್ಯಾಂಡಿನ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಆರ್ಮ್‌ಸ್ಟ್ರಾಂಗ್ ಉದ್ದೀಪನ ಮದ್ದು ಬಳಸಿದ್ದು 2012ರಲ್ಲಿ ಬಯಲಾಗಿ ಅವರ ಏಳು ಟೂರ್ ಡಿ ಫ್ರಾನ್ಸ್ ಪ್ರಶಸ್ತಿಗಳೂ ಹೋದವು. ಎಷ್ಟೋ ಜನ ಬ್ಯಾಂಡ್ ಕಿತ್ತು ಬಿಸಾಡಿದರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಬ್ಯಾಂಡ್ ಕಟ್ಟಿದ್ದು ಯಾರಿಗಾಗಿಯೋ ಆ ರೋಗಿಗಳು ಆಸ್ಪತ್ರೆಯಲ್ಲಿ ಹಾಗೆಯೇ ಮಲಗಿದ್ದರು. ಇಂಗ್ಲೆಂಡಿನಲ್ಲಿ ಅದೇ 2004ರ ಕೊನೆಗೆ, ಮಕ್ಕಳು ಮಕ್ಕಳನ್ನೇ ಪೀಡಿಸುವುದರ ವಿರುದ್ಧ ಬಿಬಿಸಿ ರೇಡಿಯೊ ನೀಲಿ ಬ್ಯಾಂಡುಗಳನ್ನು ಹಂಚಿತು. ಬೇಡಿಕೆಗೆ ತಕ್ಕಷ್ಟು ಸಿಗದೆ ಅವು ಹರಾಜಿನಲ್ಲಿ ಹೆಚ್ಚಿನ ಬೆಲೆಗೆ ಬಿಕರಿಯಾದವು. ಕಟ್ಟಿಕೊಂಡ ಮಕ್ಕಳನ್ನೇ ಹುಡುಕಿ ಪೀಡಿಸಿದರೆಂಬ ವರದಿಗಳೂ ಪತ್ರಿಕೆಗಳಲ್ಲಿ ಬಂದವು. ಮರುವರ್ಷ ಬಡತನದ ವಿರುದ್ಧ ಹೊರಟ ಬಿಳಿ ಬ್ಯಾಂಡುಗಳಲ್ಲಿ ಕೆಲವು ಚೀನಾದಲ್ಲಿ ತಯಾರಾಗಿದ್ದವು. ಅವನ್ನು ಮಾಡಿದ ಕಾರ್ಮಿಕರ ಸ್ಥಿತಿಯೇ ಚೆನ್ನಾಗಿರಲಿಲ್ಲ ಎಂಬುದು ದೊಡ್ಡ ಸುದ್ದಿಯಾಯಿತು.

ನನ್ನ ಮನಸ್ಸನ್ನು ಹೆಚ್ಚು ಕಾಡಿದ್ದು ಗುಲಾಬಿ ಬಣ್ಣ ಬಂದ ಬಗೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶಾರ್ಲೆಟ್ ಹೇಲಿ ಎಂಬ ಹೆಂಗಸಿದ್ದರು. ಅವರ ಅಜ್ಜಿಗೆ, ಸೋದರಿಗೆ, ಮಗಳಿಗೆ, ಮೂವರಿಗೂ ಸ್ತನ ಕ್ಯಾನ್ಸರ್ ಬಂದಿತ್ತು. ಎಪ್ಪತ್ತರ ಹತ್ತಿರದ ಆ ಹೆಂಗಸು ಮನೆಯ ಊಟದ ಮೇಜಿನ ಬಳಿ ಕುಳಿತು, ಪೀಚ್ ಹಣ್ಣಿನ ಬಣ್ಣದ ರಿಬ್ಬನ್ ಸುತ್ತಿ ಸಾವಿರಾರು ಸಂಖ್ಯೆಯಲ್ಲಿ ಹಂಚಿದರು. ಐದೈದು ರಿಬ್ಬನ್ನುಗಳ ಪ್ರತಿ ಕಟ್ಟಿನ ಜೊತೆಗೂ ಒಂದು ಕಾರ್ಡು. ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವಾರ್ಷಿಕ ಬಜೆಟ್ 180 ಕೋಟಿ ಡಾಲರ್, ಅದರಲ್ಲಿ ರೋಗ ತಡೆಗೆ ಹೋಗುವುದು ಶೇಕಡ 5 ಮಾತ್ರ, ಈ ರಿಬ್ಬನ್ ಧರಿಸಿ ನಮ್ಮ ಶಾಸಕರನ್ನು ಎಚ್ಚರಿಸಿ ಎಂಬುದು ಅದರ ಒಕ್ಕಣೆ. 1992ರಲ್ಲಿ ಒಂದು ಪತ್ರಿಕೆಯೂ ಒಂದು ಸೌಂದರ್ಯವರ್ಧಕ ಕಂಪನಿಯೂ ಆ ರಿಬ್ಬನ್ನನ್ನು ದೇಶವಿಡೀ ಹಂಚುತ್ತೇವೆ ಎಂದು ಮುಂದೆ ಬಂದವು. ಇದು ವ್ಯಾಪಾರವಾಗುತ್ತದೆ ಎಂದು ಹೇಲಿ ಒಪ್ಪಲಿಲ್ಲ. ವಕೀಲರ ಸಲಹೆಯಂತೆ ಆ ಪತ್ರಿಕೆ, ಕಂಪನಿಯವರು ಬಣ್ಣ ಬದಲಿಸಿಕೊಂಡರು. ಆಗ ಬಂದದ್ದು ಗುಲಾಬಿ. ಆ ಶರತ್ಕಾಲದಲ್ಲೇ ಲಕ್ಷಗಟ್ಟಲೆ ಗುಲಾಬಿ ರಿಬ್ಬನ್ನುಗಳು ಅಂಗಡಿಗಳಲ್ಲಿ ಹಂಚಿಕೆಯಾದವು. ಹೇಲಿಯವರ ಕಾರ್ಡು ಅವುಗಳ ಜೊತೆ ಹೋಗಲಿಲ್ಲ.

ಬ್ಯಾಂಡನ್ನು ನೂರು ಜನ ಕಟ್ಟಿಕೊಂಡರೂ, ಲಕ್ಷ ಜನ ಕಟ್ಟಿಕೊಂಡರೂ ಅದರಿಂದ ಕೇಡಿಲ್ಲ. ಜೊತೆಗಿದ್ದ ಕಾರ್ಡು ಉದುರಿಹೋದ ಮೇಲೆ ಕೇಡು ಶುರುವಾಗುತ್ತದೆ. ಯಾರಿಗಾಗಿ, ಏನು ಮಾಡಲು ಎಂಬ ಮಾತು ಕಳಚಿಕೊಂಡ ಮೇಲೆ ಕೈಯಲ್ಲಿ ಉಳಿಯುವುದು ಬಣ್ಣ. ಬಣ್ಣ ಮಾತ್ರ ಉಳಿದಾಗ ಅದು ಇರುವವರು, ಇಲ್ಲದವರು ಎಂದು ಮಕ್ಕಳನ್ನು ಬೇರೆ ಮಾಡುತ್ತದೆ. ನಮ್ಮ ಅಂಗಳದಲ್ಲಿ ಆದದ್ದು ಇದೇ.

ನಮ್ಮವರಿಗೆ ಕೈಗೆ ಕಟ್ಟುವುದು ಹೊಸತೇನಲ್ಲ. ಊರ ಜಾತ್ರೆಯಲ್ಲಿ ಕಂಕಣ ಕಟ್ಟಿಸಿಕೊಂಡವರು ಜಾತ್ರೆ ಮುಗಿಯುವವರೆಗೆ ಗಡಿ ದಾಟುವುದಿಲ್ಲ, ವ್ರತ ಬಿಡುವುದಿಲ್ಲ. ಹಿಡಿದ ಕೆಲಸ ಬಿಡದವರನ್ನು ಕಂಕಣಬದ್ಧರು ಎನ್ನುತ್ತೇವೆ. ಕಂಕಣವನ್ನು ಯಾರೂ ಬಣ್ಣ ನೋಡಿ ಕಟ್ಟಿಕೊಳ್ಳುವುದಿಲ್ಲ. ಕೆಲಸ ಮುಗಿದ ಮೇಲೆ ಅದನ್ನು ಬಿಚ್ಚುವುದಕ್ಕೂ ಒಂದು ಕ್ರಮವಿದೆ. ನಾನು ಶಾಲೆಗೆ ಹೋಗುವಾಗ ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನಕ್ಕೆ ಡಬ್ಬಿ ಹಿಡಿದು ಮನೆ ಮನೆಗೆ ಹೋಗುತ್ತಿದ್ದೆವು. 1949ರಿಂದ ನಡೆದುಬಂದಿರುವ ಆಚರಣೆ ಅದು. ಕಾಸು ಹಾಕಿದವರ ಎದೆಗೆ ಪುಟ್ಟ ಧ್ವಜ ಚುಚ್ಚುತ್ತಿದ್ದೆವು. ಕೆಂಪು, ಕಡುನೀಲಿ, ತಿಳಿನೀಲಿ, ಈ ಮೂರು ಬಣ್ಣಗಳು ಮೂರು ಪಡೆಗಳವು ಎಂದು ಹೇಳಲು ನಮಗೆ ಬಾಯಿಪಾಠವಾಗಿತ್ತು. ಹಣ ಯೋಧರ ಕುಟುಂಬಗಳಿಗೆ, ಮಾಜಿ ಸೈನಿಕರಿಗೆ ಹೋಗುತ್ತದೆಂದು ಡಬ್ಬಿ ಹಿಡಿದ ಪ್ರತಿ ಮಗುವಿಗೂ ಗೊತ್ತಿತ್ತು. ಸಂಜೆ ಮೇಷ್ಟರು ನಮ್ಮೆದುರೇ ಡಬ್ಬಿ ಒಡೆದು ಎಣಿಸಿ ಪುಸ್ತಕದಲ್ಲಿ ಬರೆಯುತ್ತಿದ್ದರು.

ಆ ಪುಸ್ತಕವನ್ನು ನಮ್ಮ ಶಾಲೆಯಲ್ಲಿ ಮತ್ತೆ ತೆರೆಯುತ್ತಿದ್ದೇನೆ. 1,940 ರೂಪಾಯಿ ಈಗ ಕಚೇರಿಯ ಬೀರುವಿನಲ್ಲಿದೆ, ಪುಸ್ತಕದ ಮೊದಲ ಪುಟದಲ್ಲಿ ನಾಲ್ವರು ಮಕ್ಕಳೂ ಸಹಿ ಮಾಡಿದ್ದಾರೆ. ದೂರದ ಜಿಲ್ಲೆಗಳ ರೋಗಿಗಳು ಬರುವ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಮಕ್ಕಳೇ ಪತ್ರ ಬರೆದು, ಇಷ್ಟು ಸಣ್ಣ ಮೊತ್ತವನ್ನು ಯಾವುದಕ್ಕೆ, ಹೇಗೆ ಕಳುಹಿಸಬಹುದು ಎಂದು ಕೇಳುತ್ತಾರೆ. ರಸೀದಿ ಬಂದ ದಿನ ಅದನ್ನು ಸೂಚನಾ ಫಲಕದಲ್ಲಿ ಹಾಕುತ್ತೇವೆ. ಇನ್ನು ಮುಂದೆ ಶಾಲೆಯ ಆವರಣದಲ್ಲಿ ಬ್ಯಾಂಡಾಗಲಿ, ಬ್ಯಾಡ್ಜಾಗಲಿ, ಸ್ಟಿಕ್ಕರಾಗಲಿ ಮಾರಬೇಕಾದರೆ ಹಣ ತಲುಪುವ ಸಂಸ್ಥೆಯ ಹೆಸರು ಮೊದಲೇ ಗೊತ್ತಿರಬೇಕು. ಬ್ಯಾಂಡ್ ಬದಲಾಯಿಸಿಕೊಳ್ಳುವ ವ್ಯಾಪಾರ ಇವತ್ತಿನಿಂದಲೇ ನಿಲ್ಲಬೇಕು. ಈಗಾಗಲೇ ಕಟ್ಟಿಕೊಂಡವರು ಕಟ್ಟಿಕೊಂಡಿರಲಿ, ಬಿಚ್ಚಿಸುವುದಿಲ್ಲ. ಕಟ್ಟದವರನ್ನು ಏಕೆ ಕಟ್ಟಿಲ್ಲ ಎಂದು ಯಾರೂ ಕೇಳಬಾರದು. ಈ ಒಂದು ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟಾಗಿರುತ್ತೇನೆ.

ಆ ನಾಲ್ವರು ಮಕ್ಕಳನ್ನು ಮನೆಯಲ್ಲಿ ಗದರಬೇಡಿ. ಬೇರೆಯವರ ನೋವಿಗೆ ಏನಾದರೂ ಮಾಡಬೇಕೆಂದು ಮೊದಲು ಎದ್ದು ನಿಂತವರು ಅವರು. ಸೈಕಲ್ ಟ್ಯೂಬಿನ ಬ್ಯಾಂಡ್ ಮಾಡಿಕೊಂಡ ಮಗುವಿನ ಹತ್ತಿರ ಹೋಗಿ, ಹೇಗೆ ಮಾಡಿದೆ ಎಂದು ಮೊದಲು ಕೇಳಿದವರೂ ಅವರೇ.

ಬರುವ ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ, 12 ಗಂಟೆಗೆ ಪೋಷಕರ ಸಭೆ ಇದೆ. ಸಭೆಯ ನಂತರ ಆರೋಗ್ಯ ಕೇಂದ್ರದ ಸಹಾಯಕಿಯೊಬ್ಬರು ತಾಯಂದಿರ ಜೊತೆ ಗ್ರಂಥಾಲಯದ ಕೊಠಡಿಯಲ್ಲಿ ಪ್ರತ್ಯೇಕವಾಗಿ ಮಾತನಾಡುತ್ತಾರೆ. 30 ವರ್ಷ ದಾಟಿದ ಮಹಿಳೆಯರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸ್ತನ, ಗರ್ಭಕಂಠ ಮತ್ತು ಬಾಯಿಯ ಕ್ಯಾನ್ಸರ್ ತಪಾಸಣೆಯ ವ್ಯವಸ್ಥೆ ಇದೆ. ಗಂಟು ಸಿಕ್ಕರೆ ನೋವಿಲ್ಲವೆಂದು ಸುಮ್ಮನಿರಬಾರದು ಎಂಬುದನ್ನು ಅವರು ವಿವರಿಸುತ್ತಾರೆ. ಅಜ್ಜಿಯರನ್ನೂ ಕರೆತನ್ನಿ. ಅಂದು ಕೆಲಸಕ್ಕೆ ರಜೆ ಸಿಗದ ತಾಯಂದಿರು ಇದ್ದರೆ ಮಕ್ಕಳ ಕೈಯಲ್ಲಿ ಒಂದು ಚೀಟಿ ಕಳುಹಿಸಿ, ಅವರಿಗಾಗಿ ಸಂಜೆ ಇನ್ನೊಮ್ಮೆ ಬರುವಂತೆ ಸಹಾಯಕಿಯವರನ್ನು ಕೇಳಿಕೊಳ್ಳುತ್ತೇನೆ. ಎಷ್ಟು ಜನ ಬರುತ್ತೀರೆಂದು ಗುರುವಾರದೊಳಗೆ ತಿಳಿಸಿದರೆ ಕುರ್ಚಿ ಹಾಕಿಸಲು ಅನುಕೂಲ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ