ಸಂಘದ ಲೆಕ್ಕ ಮೊಬೈಲಿಗೆ ಬಂತು, ಕೈ ಹಿಡಿದವರಿಗೆಲ್ಲ ಥ್ಯಾಂಕ್ಸ್

ತಂಡ ಕಟ್ಟಿಕೊಂಡು ಎರಡೇ ದಿನದಲ್ಲಿ ಆ್ಯಪ್ ಮಾಡಿ ತೋರಿಸುವ ನಮ್ಮ ಆನ್‌ಲೈನ್ ಸ್ಪರ್ಧೆ, ಅಂದರೆ ಹ್ಯಾಕಥಾನ್, ಮೊನ್ನೆ ಭಾನುವಾರ ರಾತ್ರಿ ಮುಗಿಯಿತು. ಹೊಸಬರಿಗೆ ಅಂತಲೇ ನಡೆಸಿದ್ದು. ಹೆಣ್ಣುಮಕ್ಕಳು, ದಲಿತ ಮತ್ತು ಆದಿವಾಸಿ ಸಮುದಾಯದವರು, ವಿಕಲಚೇತನರು, ಲಿಂಗತ್ವ ಅಲ್ಪಸಂಖ್ಯಾತರು, ಸಣ್ಣ ಊರಿನವರು, ಹೀಗೆ ಟೆಕ್ ಕೆಲಸಗಳಲ್ಲಿ ಅಪರೂಪಕ್ಕೆ ಕಾಣುವವರಿಗೆ ಮೊದಲ ಆದ್ಯತೆ. ನಮ್ಮ ತಂಡ ಮಾಡಿದ ಸ್ತ್ರೀಶಕ್ತಿ ಸಂಘದ ಲೆಕ್ಕದ ಆ್ಯಪ್ ತೀರ್ಪುಗಾರರ ಮೆಚ್ಚುಗೆ ಪಟ್ಟಿಯಲ್ಲಿದೆ. ದುಡ್ಡಿನ ಬಹುಮಾನ ಏನಿಲ್ಲ. ಆದರೂ ಖುಷಿಗೆ ನಮ್ಮ ಬೀದಿಯಲ್ಲೆಲ್ಲ ಹೇಳಿ ಮುಗಿಸಿ ಈಗ ಬರೆಯಲು ಕೂತಿದ್ದೇನೆ. ಹೆಸರು ಹಾಕಬೇಡಿ ಅಂತ ಕೆಲವರು ಹೇಳಿದ್ದಾರೆ, ಹಾಗಾಗಿ ಯಾರ ಹೆಸರೂ ಇಲ್ಲ. ಓದಿದರೆ ಅವರವರಿಗೆ ಗೊತ್ತಾಗುತ್ತದೆ.

ಮೊದಲ ಥ್ಯಾಂಕ್ಸ್ ನಮ್ಮ ಅತ್ತೆಗೆ. ಆನ್‌ಲೈನ್ ಅಂದರೆ ಬೆಂಗಳೂರಿಗೆ ಹೋಗಿ ಬರುವ ಖರ್ಚಿಲ್ಲ, ಯಾರ ಮನೆಯಲ್ಲಿ ಉಳಿಯುವುದು ಅನ್ನುವ ಚಿಂತೆ ಇಲ್ಲ, ಅದೆಲ್ಲ ನಿಜ. ಆದರೆ ಹೆಂಗಸು ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದರೆ ಅದು ಯಾರ ಕಣ್ಣಿಗೂ ಕೆಲಸ ಅಂತ ಕಾಣುವುದಿಲ್ಲ. ಮಗಳಿಗೆ ಜಡೆ ಹಾಕಬೇಕು, ಗ್ಯಾಸಿನವನು ಬಂದ, ನೀರು ಬಂತು, ಪಕ್ಕದ ಮನೆಯವರಿಗೆ ಹೆಪ್ಪಿಗೆ ಮೊಸರು ಬೇಕು. ಎಲ್ಲದಕ್ಕೂ ಕರೆಯುವುದು ನನ್ನನ್ನೇ. ಶನಿವಾರ ಬೆಳಿಗ್ಗೆ ಅತ್ತೆ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತರು. ಬಂದವರಿಗೆಲ್ಲ ಒಂದೇ ಉತ್ತರ: "ನಮ್ ಸೊಸೆ ಪರೀಕ್ಷೆ ಬರೀತಿದಾಳೆ, ಸಂಜೆ ಮೇಲೆ ಬರ್ರಿ." ಹ್ಯಾಕಥಾನ್ ಅಂದರೆ ಏನು ಅಂತ ಬಿಡಿಸಿ ಹೇಳುವ ಗೋಜಿಗೆ ಅವರು ಹೋಗಲಿಲ್ಲ. ಪರೀಕ್ಷೆ ಅಂದರೆ ದಾವಣಗೆರೆಯಲ್ಲಿ ಯಾರೂ ಎದುರು ಮಾತಾಡುವುದಿಲ್ಲ ಅಂತ ಅವರಿಗೆ ಗೊತ್ತು!

ನಮ್ಮ ಮನೆಯವರಿಗೂ ಥ್ಯಾಂಕ್ಸ್. ಎರಡು ದಿನ ಅಡುಗೆಮನೆ ಅವರ ಪಾಲಿಗೆ ಬಂತು. ಭಾನುವಾರ ಮಧ್ಯಾಹ್ನ ಮಾತ್ರ ಕೈ ಎತ್ತಿ ಬೆಣ್ಣೆದೋಸೆ ಕಟ್ಟಿಸಿಕೊಂಡು ಬಂದರು. ಅದಕ್ಕೆ ಯಾರ ತಕರಾರೂ ಇರಲಿಲ್ಲ.

ಲ್ಯಾಪ್‌ಟಾಪ್ ಕೊಟ್ಟವಳು ಹಿಂದಿನ ಬೀದಿಯ ಡಿಪ್ಲೊಮಾ ಓದುವ ಹುಡುಗಿ. ತನಗೆ ಸೋಮವಾರ ಇಂಟರ್ನಲ್ಸ್ ಇದ್ದರೂ ಕೊಟ್ಟಳು. ನಮ್ಮೂರಲ್ಲಿ ಇಂಜಿನಿಯರಿಂಗ್ ಓದಿಗೆ ಬರ ಇಲ್ಲ. ಯುಬಿಡಿಟಿ ಕಾಲೇಜು 1951ರಿಂದ ಇದೆ, ಅದು ಬಿಟ್ಟರೆ ಬೇರೆಯವೂ ಇವೆ. ಆದರೆ ನಾವಿರುವ ಮಂಡಕ್ಕಿ ಭಟ್ಟಿ ಕಡೆಯಿಂದ ಆ ಗೇಟು ದಾಟಿದವರು ಬೆರಳೆಣಿಕೆ. ನಾನು ಬಿ.ಕಾಂ. ಮಾಡಿ, ಮದುವೆಯಾಗಿ, ಅಂಗಡಿಯೊಂದರಲ್ಲಿ ಜಿಎಸ್‌ಟಿ ಬಿಲ್ ಹಾಕುತ್ತಿದ್ದವಳು. ಮಗಳು ಹುಟ್ಟಿದ ಮೇಲೆ ಅದೂ ನಿಂತಿತ್ತು. ಆ್ಯಪ್ ಮಾಡಲು ಬೇಕಾದ ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್ ಅನ್ನುವ ಕಂಪ್ಯೂಟರ್ ಭಾಷೆಗಳನ್ನೆಲ್ಲ ಕಲಿತದ್ದು ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು, ಮಗಳು ಮಲಗಿದ ಮೇಲೆ.

ಇನ್ನು ಇದನ್ನು ನಡೆಸಿದವರು. ಇವರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. "ಹೊಸಬರಿಗೆ ಸ್ವಾಗತ" ಅಂತ ಬೋರ್ಡು ಹಾಕುವವರು ಬಹಳ. ಹಿಂದೆ ಒಂದು ಕಂಪ್ಯೂಟರ್ ತರಗತಿಗೆ ಸೇರಿದ್ದೆ, ಅಲ್ಲೂ ಅದೇ ಬೋರ್ಡು. ಎರಡನೇ ಪ್ರಶ್ನೆ ಕೇಳುವಷ್ಟರಲ್ಲಿ "ಇಷ್ಟೂ ಗೊತ್ತಿಲ್ವಾ ಮೇಡಂ" ಅಂದಿದ್ದರು. ಇಲ್ಲಿ ಆ ಮಾತೇ ಆಡಬಾರದು ಅಂತ ನಿಯಮ ಇತ್ತು, ನಿಯಮ ಪಾಲಿಸಿದರು ಕೂಡ. ಕ್ಯಾಮೆರಾ ಹಾಕಲೇಬೇಕು ಅಂತ ಇರಲಿಲ್ಲ. ಒಂದೇ ಕೋಣೆಯ ಮನೆಯಲ್ಲಿ ಹಿಂದೆ ಬಟ್ಟೆ ಒಣಗುತ್ತಿರುವಾಗ ಅದು ಎಷ್ಟು ದೊಡ್ಡ ಅನುಕೂಲ ಅಂತ ಅನುಭವಿಸಿದವರಿಗೇ ಗೊತ್ತು. ಪಾಠಗಳನ್ನೆಲ್ಲ ರೆಕಾರ್ಡ್ ಮಾಡಿ ಕೊಟ್ಟರು. ಕರೆಂಟ್ ಹೋಗಿ ಬಂದ ಮೇಲೂ ಬಿಟ್ಟ ಕಡೆಯಿಂದ ನೋಡಿಕೊಂಡೆವು. ಕೋಡ್ ಇಟ್ಟು ಹಂಚಿಕೊಳ್ಳುವ ಗಿಟ್‌ಹಬ್ ತಾಣದಲ್ಲಿ ಖಾತೆ ತೆರೆಯುವುದರಿಂದ ಹಿಡಿದು ಪುಲ್ ರಿಕ್ವೆಸ್ಟ್ (ನಾವು ಮಾಡಿದ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಹಾಕುವ ತನಕ ಕನ್ನಡದಲ್ಲೇ ಹೇಳಿಕೊಟ್ಟರು. ಅರ್ಜಿಯಲ್ಲಿ ನಮ್ಮನ್ನು ಯಾವ ಹೆಸರಿನಿಂದ ಕರೆಯಬೇಕು ಅಂತ ಕೇಳಿದ್ದರು, ಪ್ರಮಾಣಪತ್ರ ಕೇಳಿರಲಿಲ್ಲ. ನಮ್ಮ ತಂಡದ ಹರಿಹರದ ಅಕ್ಕ ಟ್ರಾನ್ಸ್ ಮಹಿಳೆ. ಆ ಒಂದು ಸಾಲು ನೋಡಿದ ಮೇಲೇ ಅರ್ಜಿ ತುಂಬಿದೆ ಅಂತ ಆಮೇಲೆ ಹೇಳಿದರು. ನಮ್ಮ ಡೆಮೊ ವಿಡಿಯೋದಲ್ಲಿ ಕೇಳುವ ಗಟ್ಟಿ ದನಿ ಅವರದೇ.

ಉದ್ಘಾಟನೆಯ ಮಾತು ನನಗೆ ಇಷ್ಟವಾಗಲು ಕಾರಣ ಅದರಲ್ಲಿ ಉಪದೇಶ ಇರಲಿಲ್ಲ. 1946ರಲ್ಲಿ ಅಮೆರಿಕದಲ್ಲಿ ಜನರ ಮುಂದಿಟ್ಟ ಎನಿಯಾಕ್ ಕಂಪ್ಯೂಟರಿನ ಕಥೆ ಹೇಳಿದರು. ಅದಕ್ಕೆ ಪ್ರೋಗ್ರಾಂ ಹಾಕಿದ್ದು ಆರು ಜನ ಹೆಣ್ಣುಮಕ್ಕಳು. ಫೋಟೋಗಳಲ್ಲಿ ಅವರಿದ್ದರೂ ಬಹಳ ಕಾಲ ಹೆಸರು ಯಾರೂ ಹೇಳಲಿಲ್ಲವಂತೆ. ಬಾಗಿಲಲ್ಲಿ ಕೂತಿದ್ದ ಅತ್ತೆ ಅಲ್ಲಿಂದಲೇ ಅಂದರು, "ಅದೇನ್ ಹೊಸ ಸುದ್ದಿ ಬಿಡು."

ನಮಗೆ ಮೆಂಟರ್ ಆಗಿದ್ದ ಸರ್, ನಿಮಗೆ ದೊಡ್ಡ ನಮಸ್ಕಾರ. ಶನಿವಾರ ಸಂಜೆ ನೀವು ನಮ್ಮ ಹತ್ತಿರ ಒಂದು ಸಣ್ಣ ಲೆಕ್ಕ ಮಾಡಿಸಿದಿರಿ. ಜಾವಾಸ್ಕ್ರಿಪ್ಟ್‌ನಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ ಅಂದಿರಿ. 0.3 ಬರಬೇಕು ತಾನೆ? 0.30000000000000004 ಅಂತ ಬಂತು. ನಾವು ನಾಲ್ಕೂ ಜನ ಸುಮ್ಮನಾದೆವು. ಕಂಪ್ಯೂಟರ್ ಎಲ್ಲವನ್ನೂ ಸೊನ್ನೆ ಮತ್ತು ಒಂದರಲ್ಲೇ ಬರೆದುಕೊಳ್ಳುವುದರಿಂದ 0.1 ಅನ್ನುವುದನ್ನು ಪೂರ್ತಿ ಕರಾರುವಾಕ್ಕಾಗಿ ಬರೆಯಲು ಅದಕ್ಕೆ ಆಗುವುದಿಲ್ಲ, ನಾವು ಒಂದನ್ನು ಮೂರರಿಂದ ಭಾಗಿಸಿದರೆ 0.333 ಅಂತ ಮುಗಿಯದೆ ಹೋಗುತ್ತಲ್ಲ ಹಾಗೆ, ಅಂತ ಬಿಡಿಸಿ ಹೇಳಿದಿರಿ. ದುಡ್ಡಿನ ಲೆಕ್ಕವನ್ನು ರೂಪಾಯಿಯಲ್ಲಿ ಇಡಬೇಡಿ, ಪೈಸೆಯಲ್ಲಿ ಇಡಿ ಅಂದಿರಿ. ಅಂದರೆ 5,000 ರೂಪಾಯಿ ಸಾಲ ಒಳಗೆ 5,00,000 ಪೈಸೆ ಆಗಿ ಕೂರುತ್ತದೆ, ತೋರಿಸುವಾಗ ಮಾತ್ರ ನೂರರಿಂದ ಭಾಗಿಸುವುದು. ಬಿಲ್ ಹಾಕುತ್ತಿದ್ದ ಕಾಲದಲ್ಲಿ ಪೈಸೆ ವ್ಯತ್ಯಾಸ ಹುಡುಕಿಕೊಂಡು ರಾತ್ರಿ ಎಂಟರ ತನಕ ಕೂತವಳು ನಾನು. ನನಗೆ ಇದು ತಕ್ಷಣ ಹೊಂದಿತು. ಓದಿದ ಬಿ.ಕಾಂ. ಇಲ್ಲೂ ಕೆಲಸಕ್ಕೆ ಬರುತ್ತೆ ಅಂತ ಅನಿಸಿದ್ದು ಆಗಲೇ.

ಚಳ್ಳಕೆರೆಯ ತಮ್ಮ, ನಿನ್ನಿಂದ ಕಲಿತದ್ದನ್ನು ಮಾತ್ರ ಮರೆಯುವ ಹಾಗಿಲ್ಲ. ಅವನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಕಂಪ್ಯೂಟರ್ ಬಳಸುವುದು ಎನ್‌ವಿಡಿಎ ಮೂಲಕ. ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುವ ಈ ಉಚಿತ ತಂತ್ರಾಂಶವನ್ನು 2006ರಲ್ಲಿ ಶುರು ಮಾಡಿದ್ದು ಆಸ್ಟ್ರೇಲಿಯಾದ ಮೈಕೆಲ್ ಕರನ್. ಅವರೂ ಅಂಧರೇ. ನಾವು ಪರದೆಯ ಚಿತ್ರ ಬಿಡಿಸಲು ಶುರು ಮಾಡುವ ಮೊದಲೇ ತಮ್ಮ, "ಅಕ್ಕ, ಒಂದ್ನಿಮಿಷ ಇದನ್ನ ಕೇಳಿಸ್ಕೊಳ್ಳಿ" ಅಂದ. ದಿನಾ ಎಲ್ಲರೂ ಬಳಸುವ ಯಾವುದೋ ಆ್ಯಪ್ ತೆರೆದು ಸೌಂಡ್ ಜೋರು ಮಾಡಿದ. "ಬಟನ್. ಬಟನ್. ಬಟನ್. ಇಮೇಜ್. ಬಟನ್." ಅಷ್ಟೇ. ಯಾವುದು ದುಡ್ಡು ಕಳಿಸುವ ಬಟನ್, ಯಾವುದು ಅಳಿಸಿ ಹಾಕುವ ಬಟನ್, ಅವನೇ ಊಹಿಸಬೇಕು. ಬಟನ್‌ಗೆ ಹೆಸರು ಬರೆಯುವುದು ಕೋಡ್‌ನಲ್ಲಿ ಒಂದು ಸಾಲಿನ ಕೆಲಸ. ಅದನ್ನೂ ಮಾಡದೆ ಬಿಟ್ಟಿರುತ್ತಾರೆ.

ನಮ್ಮ ಆ್ಯಪ್‌ನಲ್ಲಿ ಪ್ರತಿ ಖಾನೆಗೂ ಲೇಬಲ್ ಇದೆ, ಪ್ರತಿ ಬಟನ್‌ಗೂ ಕನ್ನಡದಲ್ಲಿ ಹೆಸರಿದೆ. ಕಂತು ಕಟ್ಟದವರ ಸಾಲು ಬರೀ ಕೆಂಪಾಗುವುದಿಲ್ಲ, ಪಕ್ಕದಲ್ಲಿ "ಬಾಕಿ" ಅಂತ ಅಕ್ಷರದಲ್ಲೂ ಇರುತ್ತದೆ. ಇದರಿಂದ ಜಾಸ್ತಿ ಉಪಯೋಗ ಆಗಿದ್ದು ಕನ್ನಡಕ ಮನೆಯಲ್ಲೇ ಬಿಟ್ಟು ಬರುವ ನಮ್ಮ ಸಂಘದ ಅಮ್ಮಂದಿರಿಗೆ. ಪರದೆಗಳನ್ನು ಬಿಡಿಸಿದ್ದು ಮೊಳಕಾಲ್ಮೂರಿನ ಹುಡುಗಿ, ರೇಷ್ಮೆ ಸೀರೆ ನೇಯುವ ಮನೆಯವಳು. ಬಣ್ಣದ ವಿಷಯದಲ್ಲಿ ಅವಳ ಮಾತಿಗೆ ನಾವ್ಯಾರೂ ಎದುರಾಡಲಿಲ್ಲ.

ಕೊನೆಗೆ ನಮ್ಮ ಸಂಘದವರು. ಸ್ತ್ರೀಶಕ್ತಿ ಯೋಜನೆ ಕರ್ನಾಟಕದಲ್ಲಿ ಶುರುವಾಗಿದ್ದು 2000-01ರಲ್ಲಿ. ಅವತ್ತಿನಿಂದ ಇವತ್ತಿನವರೆಗೂ ವಾರದ ಉಳಿತಾಯ, ಒಳಸಾಲ, ಬಡ್ಡಿ, ಸಭೆಗೆ ಬಾರದವರ ದಂಡ ಎಲ್ಲ ನಡೆಯುವುದು ರೂಲ್ ಹಾಕಿದ ಪುಸ್ತಕದಲ್ಲೇ. ಆ ಪುಸ್ತಕವನ್ನು ನಂಬಿ ನನ್ನ ಕೈಗೆ ಕೊಟ್ಟಿರಲ್ಲ, ಅದು ಸಣ್ಣ ಮಾತಲ್ಲ. ಭಾನುವಾರ ಬೆಳಿಗ್ಗೆ ಲೆಕ್ಕ ಬರೆಯುವ ದೊಡ್ಡಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪರೀಕ್ಷೆ ಮಾಡಿದೆವು. 5,000 ರೂಪಾಯಿ ಸಾಲ, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ, ತಿಂಗಳಿಗೆ 500 ಅಸಲು ವಾಪಸ್, ಉಳಿದ ಅಸಲಿಗೆ ಮಾತ್ರ ಬಡ್ಡಿ. ನಾನು ಟೈಪ್ ಮಾಡುತ್ತಿರುವಾಗಲೇ ದೊಡ್ಡಮ್ಮ "ಮೊದಲ್ನೇ ತಿಂಗಳು ನೂರು, ಆಮೇಲೆ ತೊಂಬತ್ತು, ಎಂಬತ್ತು... ಒಟ್ಟು ಐನೂರೈವತ್ತು ಬಡ್ಡಿ" ಅಂದುಬಿಟ್ಟರು. ಆ್ಯಪ್ ಕೂಡ 550 ತೋರಿಸಿತು. ತಂಡದವರೆಲ್ಲ ಮೈಕ್ ಆನ್ ಮಾಡಿ ಚಪ್ಪಾಳೆ ತಟ್ಟಿದರು. ದೊಡ್ಡಮ್ಮನಿಗೆ ಆಶ್ಚರ್ಯವೇನೂ ಆಗಲಿಲ್ಲ. ಒಳಗೆ ಎಲ್ಲ ಪೈಸೆಯಲ್ಲಿ ಇಟ್ಟಿದ್ದೇವೆ ಅಂದಾಗ ಮಾತ್ರ, "ಪೈಸೆ ಈಗೆಲ್ಲೈತವ್ವ, ಭಿಕ್ಷದೋರೂ ತಗೊಳ್ಳಲ್ಲ" ಅಂತ ನಕ್ಕರು.

ಮುಂದಿನ ಸಭೆಯಿಂದ ಪುಸ್ತಕ, ಆ್ಯಪ್ ಎರಡರಲ್ಲೂ ಬರೆಯುವುದು ಅಂತ ತೀರ್ಮಾನ ಆಗಿದೆ. ಪುಸ್ತಕ ಬಿಡಬೇಡಿ ಅಂತ ಹೇಳಿದವಳು ನಾನೇ. ಕೋಡ್ ಎಲ್ಲರಿಗೂ ತೆರೆದಿಟ್ಟಿದ್ದೇವೆ, ಬೇರೆ ಸಂಘದವರು ಧಾರಾಳವಾಗಿ ತೆಗೆದುಕೊಳ್ಳಬಹುದು. ದೊಡ್ಡಮ್ಮನಿಂದ ಆಗಲೇ ಬೇಡಿಕೆ ಬಂದಿದೆ. ಬಾಣಂತಿಯರು, ಮನೆಯಲ್ಲಿ ಸಾವಾದವರು ಸಭೆಗೆ ಬಾರದಿದ್ದರೆ ಸಂಘ ದಂಡ ಹಾಕುವುದಿಲ್ಲ, ಆ್ಯಪ್ ಮಾತ್ರ ಎಲ್ಲರಿಗೂ ಹಾಕುತ್ತದೆ. ದಂಡ ಮನ್ನಾ ಮಾಡಲು ಒಂದು ಬಟನ್ ಬೇಕಂತೆ. ಚಳ್ಳಕೆರೆಯ ತಮ್ಮ ಈ ಶನಿವಾರ ಕೂರೋಣ ಅಂದಿದ್ದಾನೆ. ಡಿಪ್ಲೊಮಾ ಹುಡುಗಿ, ನಿನ್ನ ಲ್ಯಾಪ್‌ಟಾಪ್ ಇನ್ನೊಂದು ಸಲ ಬೇಕಾಗುತ್ತದೆ ಕಣವ್ವ.